ಲೊರೇನ್ ಕಿತ್ತ ಮೂರು ಸಾಲು

ಜುಲೈ ಮಳೆ ಒಂದು ಬೆಳಿಗ್ಗೆ ಸ್ವಲ್ಪ ಬಿಡುವು ಕೊಟ್ಟಾಗ ಲೊರೇನ್ ಪೆಲ್ಕಿ ತನ್ನ ಗಾಂಜಾ ಗಿಡಗಳ ನಡುವೆ ಮಂಡಿಯೂರಿ ಕೂತು, ನೆಲಕ್ಕೆ ತಾಗುವಂತಿದ್ದ ಒಂದು ಎಲೆಯನ್ನು ಕಡ್ಡಿಯಿಂದ ಎತ್ತಿ ನೋಡಿದಳು. ಎಲೆಯ ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕೆಗಳಿದ್ದವು. ನಡುವೆ ಬೂದಿ ಬಣ್ಣ, ಅಂಚಿಗೆ ಕಂದು, ಸುತ್ತ ತೆಳು ಹಳದಿ. ಕನ್ನಡಕ ಒರೆಸಿಕೊಂಡು ಇನ್ನೂ ಬಗ್ಗಿದಾಗ ಬೂದಿಯ ನಡುವೆ ಸೂಜಿಮೊನೆಯಷ್ಟು ಕಪ್ಪು ಕಣಗಳೂ ಕಂಡವು. ಪಕ್ಕದ ಗಿಡ ನೋಡಿದಳು, ಅದರಲ್ಲೂ ಇತ್ತು. ಅದರಾಚೆಯದರಲ್ಲೂ ಇತ್ತು.

ನಾನು ಬೇಲಿಯ ಹತ್ತಿರ ಹುಲ್ಲು ಸವರುತ್ತಿದ್ದೆ. ವಾರದಲ್ಲಿ ಕೆಲವು ದಿನ ಊರಿನ ಅಂಚೆ ಕಚೇರಿಯ ಕೆಲಸ, ಬಿಡುವಾದಾಗ ಲೊರೇನ್ ಹೊಲ. ಆ ಬೇಸಿಗೆ ನನ್ನ ದಿನಚರಿ ಹಾಗಿತ್ತು. ಅವಳು ಏಳದೆ ಕೂತಿದ್ದನ್ನು ನೋಡಿ ಹತ್ತಿರ ಹೋದೆ.

"ಮುಟ್ಬೇಡ," ಅಂದಳು. "ಎಲೆಚುಕ್ಕೆ ರೋಗ. ಒದ್ದೆ ಇರುವಾಗ ಒಂದು ಗಿಡ ಮುಟ್ಟಿದ ಕೈಲಿ ಇನ್ನೊಂದು ಮುಟ್ಟಿದ್ರೆ ನಾವೇ ಹಂಚಿದಂಗಾಗತ್ತೆ."

"ಜಾಸ್ತಿ ಇದ್ಯಾ?"

"ಕೆಳಗಿನ ಎಲೆಯಲ್ಲಿ ಮಾತ್ರ. ಇನ್ನೂ ಮೇಲಕ್ಕೆ ಹತ್ತಿಲ್ಲ." ಆಮೇಲೆ ಆಕಾಶ ನೋಡಿದಳು. ಬೆಟ್ಟದ ಹಿಂದೆ ಮತ್ತೆ ಮೋಡ ಕಟ್ಟುತ್ತಿತ್ತು.

ಲೊರೇನ್ ಹುಟ್ಟಿದ್ದು, ಮದುವೆಯಾಗಿದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲವೂ ವರ್ಮಾಂಟಿನ ಈ ಕಣಿವೆಯಲ್ಲೇ. ಅಜ್ಜನ ಕಾಲದಿಂದ ಅವರದು ಹಸು ಸಾಕಿ ಹಾಲು ಮಾರುವ ಮನೆ. ಕೊನೆಯ ಹಸುವನ್ನು ಲಾರಿಗೆ ಹತ್ತಿಸಿದ ಮೇಲೂ ಎಷ್ಟೋ ದಿನ ಅವಳು ಹೊತ್ತು ಮೂಡುವ ಮೊದಲೇ ಎದ್ದು ಖಾಲಿ ಕೊಟ್ಟಿಗೆಯ ದೀಪ ಹಾಕುತ್ತಿದ್ದಳು. ಗಂಡ ಕ್ಲಾಡ್ ಊರಿನ ರಸ್ತೆ ಕೆಲಸದವನು, ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಗಾಂಜಾ ಬೆಳೆದರೆ ಜೈಲು ಅನ್ನುವ ಕಾಲದಲ್ಲಿ ಮೇಪಲ್ ಮರದ ಸಿಹಿ ರಸ ಕುದಿಸುವ ಗುಡಿಸಲಿನ ಹಿಂದೆ ನಾಲ್ಕಾರು ಗಿಡ ಇಟ್ಟಿದ್ದ. ಯಾರೋ ಶೆರಿಫ್‌ಗೆ ಹೇಳಿದರು. ಕ್ಲಾಡ್ ಸ್ವಲ್ಪ ಕಾಲ ಒಳಗಿದ್ದು ಹೊರಗೆ ಬಂದ, ಆದರೆ ಆ ಲಾರಿಯ ಕೆಲಸ ಮತ್ತೆ ಸಿಗಲಿಲ್ಲ. ಹೇಳಿದ್ದು ಮೇಲಿನ ಹೊಲದ ವೆಂಡೆಲ್ ಸ್ಟ್ಯಾನರ್ಡ್ ಎಂದು ಲೊರೇನ್ ನಂಬಿದ್ದಳು. ಅಂದಿನಿಂದ ಅವನ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಕ್ಲಾಡ್ ತೀರಿಕೊಂಡ ಮೇಲೆ ಕಾನೂನು ಬದಲಾಯಿತು. ಲೊರೇನ್ ಪರವಾನಗಿ ತೆಗೆದುಕೊಂಡು, ಹೊಳೆಯ ಪಕ್ಕ ಹಸುಗಳಿಗೆ ಜೋಳ ಬೆಳೆಯುತ್ತಿದ್ದ ತಗ್ಗಿನ ಹೊಲದಲ್ಲೇ ಗಿಡ ನೆಟ್ಟಳು. ಸರ್ಕಾರಿ ತಪಾಸಣೆಯವರು ಬಂದು ನೋಡುತ್ತಾರೆ, ಒಣಗಿದ ಹೂವು ಪ್ರಯೋಗಾಲಯದಲ್ಲಿ ಪಾಸಾದರೆ ಮಾತ್ರ ಅಂಗಡಿಗೆ ಹೋಗುತ್ತದೆ. ಪಟ್ಟಣದ ಅಂಗಡಿಯಲ್ಲಿ ಪೆಲ್ಕಿ ಹೊಲದ್ದೇ ಬೇಕೆಂದು ಕೇಳುವವರಿದ್ದರು. ಅವರಲ್ಲಿ ಆರ್ಡಿತ್ ಒಬ್ಬಳು. ನಮ್ಮೂರಿನ ಶಾಲೆಯಲ್ಲಿ ಬಹಳ ವರ್ಷ ಅಡುಗೆ ಮಾಡಿದವಳು. ಈ ಕಣಿವೆಯ ನಡುವಯಸ್ಕರೆಲ್ಲ ಅವಳ ಕೈಯೂಟ ಉಂಡವರೇ. ಈಗ ಅವಳಿಗೆ ಹೊಟ್ಟೆಯ ಕ್ಯಾನ್ಸರ್. ಚಿಕಿತ್ಸೆಯ ದಿನಗಳಲ್ಲಿ ಗಾಂಜಾದ ನಾಲ್ಕು ದಮ್ಮು ಎಳೆದರೆ ಮಾತ್ರ ಒಂದು ಬಟ್ಟಲು ಗಂಜಿ ಒಳಗೆ ನಿಲ್ಲುತ್ತಿತ್ತು.

ಎಲೆಚುಕ್ಕೆ ಎಲ್ಲಿಂದ ಬಂತೆಂದು ತಿಳಿಯಲು ಲೊರೇನ್‌ಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ರೋಗ ಹೆಚ್ಚಿದ್ದದ್ದು ವೆಂಡೆಲ್‌ನ ಹೊಲಕ್ಕೆ ತಾಗಿದ ಸಾಲುಗಳಲ್ಲಿ. ಗಾಂಜಾದ್ದೇ ಜಾತಿಯ, ಆದರೆ ಅಮಲಿಲ್ಲದ ಹೆಂಪ್ ಗಿಡದ ಎಣ್ಣೆಗೆ ಬೇಡಿಕೆ ಬಂದಾಗ ಎಲ್ಲರಂತೆ ಅವನೂ ಅದನ್ನು ಹಾಕಿದ್ದ. ಕೊಳ್ಳುವವರು ಮಾಯವಾದಾಗ ಬೆಳೆಯನ್ನು ನಿಂತಲ್ಲೇ ಬಿಟ್ಟುಬಿಟ್ಟ. ಅದು ಅಲ್ಲೇ ಮುರಿದು ಬಿದ್ದು ಕೊಳೆತು, ಉದುರಿದ ಬೀಜ ಮತ್ತೆ ಹುಟ್ಟಿ, ಆಳೆತ್ತರ ಬೆಳೆದು ನಿಂತಿತ್ತು. ಬೇಲಿಯ ಈಚೆಯಿಂದಲೇ ಎಲೆಗಳ ಮೇಲಿನ ಚುಕ್ಕೆ ಕಾಣುತ್ತಿತ್ತು. ಮಳೆ ಬಂದಾಗಲೆಲ್ಲ ಆ ಇಳಿಜಾರಿನ ನೀರು ನೇರ ಲೊರೇನ್ ಹೊಲಕ್ಕೆ ಇಳಿಯುತ್ತಿತ್ತು.

ಆ ದಿನ ಮಧ್ಯಾಹ್ನ ಅವಳು ವೆಂಡೆಲ್ ಮನೆಗೆ ಹೊರಟಳು. "ನೀನೂ ಬಾ," ಅಂದಳು ನನಗೆ. "ಒಬ್ಬಳೇ ಹೋದ್ರೆ ಏನು ಮಾತಾಡ್ತೀನೋ ಗೊತ್ತಿಲ್ಲ."

ವೆಂಡೆಲ್ ಜಗಲಿಯಲ್ಲಿ ಮರ ಕೊಯ್ಯುವ ಗರಗಸದ ಸರಪಳಿ ಬಿಚ್ಚಿಕೊಂಡು ಕೂತಿದ್ದ. ಎಂಬತ್ತರ ಹತ್ತಿರದ ಮನುಷ್ಯ. ಲೊರೇನ್ ಮೆಟ್ಟಿಲು ಹತ್ತುವುದನ್ನು ನೋಡಿ ಅರವನ್ನು ಕೆಳಗಿಟ್ಟ, ಏಳಲಿಲ್ಲ.

"ನಿಮ್ಮ ಹೊಲದ ವಿಷಯ ಮಾತಾಡೋಕೆ ಬಂದೆ," ಅಂದಳು ಲೊರೇನ್.

"ಹೊಲದಲ್ಲಿ ಏನಿದೆ? ಕಳೆ ಇದೆ."

"ಕಳೆಯಲ್ಲ. ನೀವು ಬಿಟ್ಟ ಬೆಳೆಯ ಮರಿ ಅದು. ಅದರ ತುಂಬ ರೋಗ. ಮಳೆ ಬಂದ್ರೆ ಎಲ್ಲಾ ನನ್ನ ಗಿಡದ ಮೇಲೆ."

ವೆಂಡೆಲ್ ಕೈ ಒರೆಸಿಕೊಂಡ. "ಇಷ್ಟು ವರ್ಷದ ಮೇಲೆ ನನ್ನ ಬಾಗಿಲಿಗೆ ಬಂದಿದ್ದು ಇದಕ್ಕಾ?"

"ಇದಕ್ಕೇ."

ವೆಂಡೆಲ್ ಕೈ ಒರೆಸಿದ ಬಟ್ಟೆಯನ್ನು ಗರಗಸದ ಪಕ್ಕ ಇಟ್ಟ. ಆಮೇಲೆ ಅವನು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅವಳನ್ನೇ ನೋಡಿ ಹೇಳಿದ: "ಶೆರಿಫ್‌ಗೆ ಹೇಳಿದ್ದು ನಾನೇ. ನೀನು ಅಂದ್ಕೊಂಡಿದ್ದು ಸರಿ. ಅವತ್ತು ಅದು ತಪ್ಪು ಅಂತ ಕಾನೂನಿತ್ತು, ಹೇಳ್ದೆ. ಅವನ ಕೆಲಸ ಹೋಗ್ತದೆ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೂ ಹೇಳ್ತಿದ್ನೇನೋ. ಕ್ಷಮೆ ಕೇಳೋಕೆ ನನಗೆ ಬರಲ್ಲ, ಲೊರೇನ್."

ಅವಳು ಜಗಲಿಯ ಕಂಬ ಹಿಡಿದುಕೊಂಡಳು. ಈಗ ಕೂಗಾಡುತ್ತಾಳೆ ಅಂದುಕೊಂಡೆ.

"ನಾನು ಕ್ಷಮೆ ಕೇಳೋಕೆ ಬಂದಿಲ್ಲ, ಕೇಳಿಸ್ಕೊಳ್ಳೋಕೂ ಬಂದಿಲ್ಲ," ಅಂದಳು. "ಆ ಹೊಲ ಸವರಿ ಉಳಬೇಕು. ಬೇಲಿ ಉದ್ದಕ್ಕೂ ಒಂದು ಕಾಲುವೆ ತೋಡಿ ನೀರನ್ನ ಹೊಳೆ ಕಡೆ ತಿರುಗಿಸ್ಬೇಕು. ನನ್ನ ಟ್ರ್ಯಾಕ್ಟರನ್ನ ಹಸುಗಳ ಜೊತೆಗೇ ಮಾರಿದೆ. ನಿಮ್ಮದು ಓಡತ್ತಾ?"

"ಓಡತ್ತೆ."

"ನೆಲ ಒಣಗಿದ ದಿನ ಮಾಡಿ. ಒದ್ದೆಯಲ್ಲಿ ಬೇಡ."

ವಾಪಸು ಬಂದ ಮೇಲೆ ಅವಳು ಪಿಕಪ್ ಗಾಡಿಯ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು ಆಚೆ ಬದಿಗೆ ಹತ್ತಿದಳು. ನಾನೇ ಓಡಿಸಿಕೊಂಡು ಬಂದೆ.

ವೆಂಡೆಲ್ ಮಾತಿಗೆ ತಪ್ಪಲಿಲ್ಲ. ಬಿಸಿಲು ಬಿದ್ದ ಮೊದಲ ವಾರದಲ್ಲೇ ಹೊಲ ಸವರಿ, ಉತ್ತು ಮಣ್ಣು ಮಾಡಿದ. ಬೇಲಿಯ ಪಕ್ಕ ಕಾಲುವೆಯನ್ನೂ ತೋಡಿದ. ಬಂದು ಹೇಳಲಿಲ್ಲ, ಇವಳೂ ಹೋಗಿ ನೋಡಲಿಲ್ಲ. ಟ್ರ್ಯಾಕ್ಟರ್ ಸದ್ದು ನಿಂತ ಮೇಲೆ ಲೊರೇನ್, "ಆಯ್ತು ಅನ್ಸತ್ತೆ," ಅಂದಳು ಅಷ್ಟೆ.

ನಮ್ಮ ಕೆಲಸವೂ ಆಗಲೇ ಶುರುವಾಯಿತು. ಇಬ್ಬನಿ ಆರಿ ಎಲೆ ಗರಿಗರಿಯಾದ ಮೇಲೆ, ಮೊಣಕಾಲ ಎತ್ತರದವರೆಗಿನ ಎಲೆಗಳನ್ನೂ ಒಳಗಿನ ಸಣ್ಣ ಕೊಂಬೆಗಳನ್ನೂ ಕತ್ತರಿಸಿ ಚೀಲಕ್ಕೆ ತುಂಬಬೇಕು. ಒಂದು ಗಿಡ ಮುಗಿದ ಮೇಲೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಅದ್ದಿಯೇ ಮುಂದಿನ ಗಿಡಕ್ಕೆ ಹೋಗಬೇಕು. ಒಂದು ಎಲೆಯೂ ನೆಲಕ್ಕೆ ಬೀಳಬಾರದು. ಮಳೆಹನಿ ಮಣ್ಣಿಗೆ ಬಡಿದು ಎಲೆಗೆ ಸಿಡಿಯದಂತೆ ಬುಡದ ಸುತ್ತ ಒಣಹುಲ್ಲು ದಪ್ಪಗೆ ಹೊದಿಸಿದೆವು. ಕತ್ತರಿಸಿದ್ದನ್ನೆಲ್ಲ ಹೊಲದಿಂದ ದೂರ ಒಯ್ದು ಗುಂಡಿಯಲ್ಲಿ ಹೂತೆವು. ಪರವಾನಗಿಯಲ್ಲಿ ಒಪ್ಪಿದ ಔಷಧಿ ಒಂದಿತ್ತು, ಒಳ್ಳೆಯ ಬ್ಯಾಕ್ಟೀರಿಯಾ ಕಲೆಸಿದ ಪುಡಿ. ಅದನ್ನು ನೀರಿಗೆ ಹಾಕಿ ಎಲೆಯ ಮೇಲೂ ಕೆಳಗೂ ನೆನೆಯುವಂತೆ ಹೊಡೆದೆವು. ಹೊಸ ಎಲೆಗೆ ರೋಗ ಹತ್ತುವುದನ್ನು ಅದು ತಡೆಯಬಹುದು, ಹತ್ತಿದ್ದನ್ನು ವಾಸಿ ಮಾಡುವುದಿಲ್ಲ. ಲೊರೇನ್ ಇದನ್ನು ತನಗೇ ಹೇಳಿಕೊಳ್ಳುವಂತೆ ಆಗಾಗ ಹೇಳುತ್ತಿದ್ದಳು.

ಆಗಸ್ಟ್ ನಡುವಿನ ಹೊತ್ತಿಗೆ ಗಿಡಗಳು ಹೂವಿಗೆ ತಿರುಗಿದವು. ಚುಕ್ಕೆ ಮೊಣಕಾಲಿಂದ ಮೇಲೆ ಬಂದಿರಲಿಲ್ಲ. ಆಗ ರೇಡಿಯೋದಲ್ಲಿ ದಕ್ಷಿಣದ ಕಡಲಿಂದ ಚಂಡಮಾರುತದ ಬಾಲ ನಮ್ಮ ಕಡೆ ತಿರುಗುತ್ತಿದೆ ಎಂಬ ಸುದ್ದಿ ಬಂತು.

ಆ ಭಾನುವಾರ ಲೊರೇನ್‌ಳ ತಮ್ಮ ನಾರ್ಮಂಡ್ ಊಟಕ್ಕೆ ಬಂದಿದ್ದ, ನಾನೂ ಇದ್ದೆ. ದೊಡ್ಡ ಸೇಬಿನ ತೋಟದಲ್ಲಿ ಔಷಧಿ ಹೊಡೆಯುವ ಕೆಲಸ ಅವನದು. ಅಕ್ಕನಿಗಾಗಿ ಏನು ಬೇಕಾದರೂ ಮಾಡುವ, ಆದರೆ ಕೇಳದೆ ಮಾಡುವ ಮನುಷ್ಯ. ಬಟಾಣಿ ಸೂಪಿಗೆ ಬ್ರೆಡ್ ಅದ್ದುತ್ತ ಶುರು ಮಾಡಿದ.

"ಅಕ್ಕ, ನಿನ್ನ ಆ ಬ್ಯಾಕ್ಟೀರಿಯಾ ನೀರು ಇದ್ಯಲ್ಲ, ಅದು ಹಾಲಿಗೆ ಹೆಪ್ಪು ಹಾಕೋಕೆ ಲಾಯಕ್ಕು. ಬರ್ತಿರೋದು ಎರಡು ದಿನದ ಮಳೆ. ನಮ್ಮ ತೋಟದ ಔಷಧಿ ಒಂದ್ಸಲ ಹೊಡೀತೀನಿ, ಮುಗೀತದೆ."

"ಬೇಡ."

"ಸೇಬು ತಿನ್ನಲ್ವಾ ನೀನು? ಅದಕ್ಕೆ ಹೊಡೆಯೋದೂ ಅದನ್ನೇ."

"ಸೇಬನ್ನ ತೊಳೆದು ತಿಂತೀನಿ, ನಾರ್ಮಂಡ್. ಇದನ್ನ ಜನ ಸುಟ್ಟು ಹೊಗೆ ಎಳೀತಾರೆ. ಆ ಔಷಧಿ ಬೆಂಕಿಗೆ ಬಿದ್ರೆ ವಿಷದ ಹೊಗೆ. ಅದಕ್ಕೇ ಅದನ್ನ ಇದಕ್ಕೆ ಹೊಡೀಬಾರ್ದು ಅಂತ ಇರೋದು."

"ಒಂದ್ಸಲಕ್ಕೆ ಏನೂ ಆಗಲ್ಲ."

"ಬೇಡ ಅಂದೆ."

"ಹಂಗಾದ್ರೆ ಗಿಡ ಸಾಯೋದನ್ನ ನೋಡ್ತಾ ಕೂತ್ಕೊ." ಬಟ್ಟಲನ್ನು ಸಿಂಕಿಗಿಟ್ಟು ಹೋದ.

ಮಳೆ ಮಂಗಳವಾರ ಹಿಡಿಯಿತು. ಗಾಳಿಗೆ ಗಿಡಗಳು ಒಂದರ ಮೇಲೊಂದು ಒರಗಿದವು. ಹೊಳೆ ದಡ ಮೀರಿ ಹೊಲದ ಅಂಚಿನವರೆಗೆ ಬಂತು. ಒದ್ದೆಯಲ್ಲಿ ಗಿಡ ಮುಟ್ಟುವಂತಿಲ್ಲ, ಹಾಗಾಗಿ ಲೊರೇನ್ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುವುದು ಬಿಟ್ಟು ಬೇರೇನೂ ಮಾಡಲಾಗಲಿಲ್ಲ. ಮಳೆ ನಿಂತು ಎಲೆ ಒಣಗಿದ ಮೇಲೆ ಹೋಗಿ ನೋಡಿದಾಗ ಚುಕ್ಕೆ ಸೊಂಟದ ಎತ್ತರಕ್ಕೆ ಬಂದಿತ್ತು. ಹೊಳೆಯ ಕಡೆಯ ಗಿಡಗಳ ಎಲೆ ಹಳದಿಯಾಗಿ, ಮುಟ್ಟಿದರೆ ಉದುರುತ್ತಿತ್ತು. ಕೊಟ್ಟಿಗೆಯ ಬದಿಯ ಸಾಲುಗಳು ಮಾತ್ರ ಎತ್ತರದ ನೆಲದಲ್ಲಿದ್ದುದರಿಂದ ಹೆಚ್ಚು ಕೆಟ್ಟಿರಲಿಲ್ಲ. ಹೂಗೊಂಚಲು ಕಟ್ಟತೊಡಗಿದ್ದೂ ಅಲ್ಲೇ ಮೊದಲು. "ಏನೂ ಇಲ್ಲದಿದ್ರೂ ಇಷ್ಟು ಉಳೀತು," ಅಂದಳು.

ಮರುದಿನ ಆರ್ಡಿತ್‌ಗೆ ಚಿಕಿತ್ಸೆಯ ದಿನ. ಲೊರೇನ್ ಅವಳನ್ನು ಬರ್ಲಿಂಗ್ಟನ್ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನು ಅಂಚೆ ಕಚೇರಿ ಮುಚ್ಚಿ ಹೊಲಕ್ಕೆ ಬರುವುದಕ್ಕೂ ಅವರ ಪಿಕಪ್ ಅಂಗಳಕ್ಕೆ ತಿರುಗುವುದಕ್ಕೂ ಸರಿಹೋಯಿತು. ಲೊರೇನ್ ಇಳಿದಳು, ಎರಡು ಹೆಜ್ಜೆ ಇಟ್ಟು ನಿಂತಳು. ನನಗೂ ಆಗಲೇ ವಾಸನೆ ಬಡಿದದ್ದು. ನಾರ್ಮಂಡ್ ಕೆಲಸ ಮುಗಿಸಿ ಬಂದಾಗ ಅವನ ಬಟ್ಟೆಯಲ್ಲಿ ಇರುತ್ತಿದ್ದ ವಾಸನೆ.

ನಾರ್ಮಂಡ್ ಕೊಟ್ಟಿಗೆಯ ನಲ್ಲಿಯ ಕೆಳಗೆ ಬೆನ್ನಿಗೆ ಹಾಕುವ ಔಷಧಿ ಪಂಪನ್ನು ತೊಳೆಯುತ್ತಿದ್ದ.

"ಎಷ್ಟು ಸಾಲು?" ಕೇಳಿದಳು ಲೊರೇನ್. ದನಿ ಏರಿರಲಿಲ್ಲ.

"ಎರಡು. ಆಮೇಲೆ ಪಂಪ್ ಖಾಲಿಯಾಯ್ತು. ಅಕ್ಕ, ಕೇಳು..."

"ಯಾವ ಎರಡು?"

ಕೊಟ್ಟಿಗೆಯ ಕಡೆ ಕೈ ತೋರಿಸಿದ. ಚೆನ್ನಾಗಿದ್ದ ಸಾಲುಗಳು. ಎಲೆಗಳ ಮೇಲೆ ಹನಿ ಆರಿ ಬಿಳಿ ಕಲೆ ಕಟ್ಟಿತ್ತು. ಅವಳು ಸಾಲಿನ ಉದ್ದಕ್ಕೂ ನಡೆದಳು, ತಿರುಗಿ ಬಂದಳು, ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿದಳು. ಮೂರನೇ ಸಾಲಿನಲ್ಲೂ ಅಲ್ಲಲ್ಲಿ ಕಲೆಯಿತ್ತು.

"ಉಳಿದಿರೋದನ್ನಾದ್ರೂ ಕಾಪಾಡೋಣ ಅಂತ ಹೊಡೆದೆ," ಅಂದ ನಾರ್ಮಂಡ್. "ನೀನು ಕಿಟಕಿ ಹತ್ರ ನಿಂತ್ಕೊಂಡಿದ್ದು ನೋಡೋಕಾಗ್ಲಿಲ್ಲ. ಪರೀಕ್ಷೆಗೆ ಬೇರೆ ಸಾಲಿನ ಹೂ ಕಳ್ಸು. ಯಾರಿಗೂ ಗೊತ್ತಾಗಲ್ಲ."

"ಪಿಕಪ್‌ನಲ್ಲಿ ಆರ್ಡಿತ್ ಇದ್ದಾಳೆ. ಹೋಗಿ ಅವಳಿಗೆ ಹೇಳು, ಏನು ಹೊಡೆದೆ ಅಂತ."

ಅವನು ಅಲ್ಲಿಯವರೆಗೆ ಆ ಕಡೆ ನೋಡಿರಲಿಲ್ಲ. ಆರ್ಡಿತ್ ತಲೆಗೆ ವಸ್ತ್ರ ಕಟ್ಟಿಕೊಂಡು ಸೀಟಿಗೆ ಒರಗಿದ್ದಳು. ಕಿಟಕಿ ಇಳಿಸಿ, "ಏನಾಯ್ತಪ್ಪ ನಾರ್ಮಂಡ್? ಯಾಕೆ ಹಂಗೆ ನಿಂತಿದ್ದೀಯ?" ಅಂದಳು.

ನಾರ್ಮಂಡ್ ಅವಳ ಕಡೆ ಹೋಗದೆ ನಲ್ಲಿ ನಿಲ್ಲಿಸಿದ. ಪಂಪನ್ನು ತನ್ನ ಗಾಡಿಯ ಹಿಂಬದಿಗೆ ಹಾಕಿದ. ಹೋಗುವಾಗ, "ನಿನಗೋಸ್ಕರ ಮಾಡಿದ್ದು," ಅಂದ. ಅದು ಅಕ್ಕನಿಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ತಿಳಿಯುವಂತಿರಲಿಲ್ಲ.

ಲೊರೇನ್ ಆರ್ಡಿತ್‌ಳನ್ನು ಮನೆಗೆ ಬಿಟ್ಟು ಬಂದು ತಪಾಸಣೆ ಕಚೇರಿಯ ಫೋನ್ ನಂಬರ್ ಒತ್ತಿದಳು. ನಾನು ಅಡುಗೆಮನೆಯಲ್ಲೇ ಇದ್ದೆ. "ಅವರು ಉಳಿದ ಬೆಳೆಯನ್ನೂ ಮಾರದಂತೆ ತಡೆ ಹಿಡಿದ್ರೆ?" ಅಂತ ಕೇಳಿದೆ.

"ಹಿಡೀಬಹುದು."

"ಸುಮ್ನೆ ಆ ಮೂರು ಸಾಲು ಕಿತ್ತು ಹಾಕಿದ್ರೆ ಸಾಲದಾ? ಫೋನ್ ಯಾಕೆ?"

"ಗಾಳೀಲಿ ಔಷಧಿ ಎಲ್ಲಿವರೆಗೆ ಹೋಗಿದೆ ಅಂತ ನನ್ನ ಕಣ್ಣಿಗೆ ಕಾಣತ್ತಾ?" ಅಂದಳು. ಆ ಕಡೆಯವರು ಫೋನ್ ಎತ್ತಿದರು. ಅವಳು ತಮ್ಮನ ಹೆಸರು ಹೇಳಲಿಲ್ಲ. "ನನ್ನ ಮನೆಯವರು ಹೊಡೆದರು, ಜವಾಬ್ದಾರಿ ನನ್ನದು," ಅಂದಳು.

ಮರುದಿನ ತಪಾಸಣೆಯ ಹೆಂಗಸು ಬಂದಳು. ಪ್ರತಿ ಸಾಲಿನಿಂದ ಎಲೆ, ಹೂವು ಕತ್ತರಿಸಿಕೊಂಡಳು. ಮೂರು ಸಾಲು ಇವತ್ತೇ ನಾಶವಾಗಬೇಕು, ಉಳಿದದ್ದರ ಫಲಿತಾಂಶ ಬರುವವರೆಗೆ ಒಂದು ಎಲೆಯೂ ಹೊಲದಿಂದ ಹೊರಗೆ ಹೋಗುವಂತಿಲ್ಲ ಅಂದಳು. ನಾನು ಕೈಗವಸು ಹಾಕಿಕೊಂಡು ಮುಂದೆ ಬಂದರೆ ಲೊರೇನ್ ತಡೆದಳು. "ನೀನು ಕೊಟ್ಟಿಗೆ ಹಿಂದಿನ ಹಳೇ ಸಗಣಿ ಗೊಬ್ಬರ ತಾ. ಕೀಳೋದು ನಾನು ಕೀಳ್ತೀನಿ."

ಆ ಗಿಡಗಳು ಅವಳಿಗಿಂತ ಎತ್ತರವಿದ್ದವು. ಬುಡಕ್ಕೆ ಎರಡು ಕೈ ಹಾಕಿ, ಕಾಲು ಊರಿ, ಹಿಂದಕ್ಕೆ ಜಗ್ಗುತ್ತಿದ್ದಳು. ಮಳೆಗೆ ಸಡಿಲವಾದ ಮಣ್ಣು, ಬೇರು ಸುಲಭಕ್ಕೆ ಬರುತ್ತಿತ್ತು. ಕೆಲವು ಬರುತ್ತಿರಲಿಲ್ಲ. ಆಗ ಅಲ್ಲೇ ಕೂತು ಸುಧಾರಿಸಿಕೊಂಡು ಮತ್ತೆ ಎದ್ದು ಜಗ್ಗುತ್ತಿದ್ದಳು. ಹೂಗೊಂಚಲುಗಳ ಬಿಳಿ ಎಳೆಗಳು ಅವಳ ತೋಳಿಗೆ ಅಂಟಿಕೊಂಡಿದ್ದವು. ತಪಾಸಣೆಯ ಹೆಂಗಸು ಮೊದಲು ನೋಡುತ್ತ ನಿಂತಿದ್ದಳು, ಆಮೇಲೆ ಮುಖ ತಿರುಗಿಸಿ ಹೊಳೆಯ ಕಡೆ ನೋಡತೊಡಗಿದಳು. ಕಿತ್ತದ್ದನ್ನು ಕೊಚ್ಚಿ, ಯಾರೂ ತೆಗೆದು ಬಳಸದಂತೆ ಸಗಣಿಯೊಂದಿಗೆ ಕಲೆಸಿ ಗುಂಡಿಗೆ ತುಂಬಿದೆವು. ಕೊನೆಯ ಗಿಡ ಕೀಳುವ ಹೊತ್ತಿಗೆ ಸಂಜೆಯಾಗಿತ್ತು. ಲೊರೇನ್ ಕೊಟ್ಟಿಗೆಯೊಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಕರೆಯಲಿಲ್ಲ.

ಫಲಿತಾಂಶಕ್ಕಾಗಿ ಕಾಯುವ ದಿನಗಳು ರೋಗಕ್ಕಿಂತ ಕಷ್ಟವಾಗಿದ್ದವು. ಮಾರಲು ಆಗುತ್ತದೋ ಇಲ್ಲವೋ ತಿಳಿಯದ ಬೆಳೆಯೊಳಗೆ ಅವಳು ದಿನವೂ ಹೋಗಿ ಹಳದಿ ಎಲೆ ಆರಿಸುತ್ತಿದ್ದಳು. ಒತ್ತಾಗಿದ್ದ ಕೊಂಬೆಗಳನ್ನು ಬಿಡಿಸಿ, ಗಾಳಿಯಾಡುವಂತೆ ಕೋಲಿಗೆ ಕಟ್ಟುತ್ತಿದ್ದಳು. ಹೂವು ಬಂದ ಮೇಲೆ ಪುಡಿ ಔಷಧಿಯನ್ನೂ ನಿಲ್ಲಿಸಿದಳು. ಫೋನ್ ಬಂದರೆ ಬೆಚ್ಚುತ್ತಿದ್ದಳು. ನಾರ್ಮಂಡ್ ಕಡೆಯಿಂದ ಸುದ್ದಿಯೇ ಇರಲಿಲ್ಲ. ಅವನ ಹೆಸರನ್ನು ಅವಳೂ ಎತ್ತಲಿಲ್ಲ, ಆದರೆ ಭಾನುವಾರದ ಸೂಪನ್ನು ಅವನೂ ಬರುತ್ತಾನೇನೋ ಎಂಬಂತೆ ಇಬ್ಬರಿಗಾಗುವಷ್ಟು ಮಾಡಿ ಮಿಕ್ಕದ್ದನ್ನು ನನಗೆ ಡಬ್ಬಿಯಲ್ಲಿ ಕೊಡುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಕಾಗದ ಬಂತು. ಉಳಿದ ಸಾಲುಗಳಲ್ಲಿ ಆ ಔಷಧಿಯ ಸುಳಿವಿರಲಿಲ್ಲ. ಲೊರೇನ್ ಅದನ್ನು ನಿಂತುಕೊಂಡೇ ಓದಿದಳು, ಮತ್ತೊಮ್ಮೆ ಓದಿದಳು. "ಕುಯ್ದುಬಿಡೋಣ," ಅಂದಳು. ಇನ್ನೂ ಸ್ವಲ್ಪ ದಿನ ಬಿಟ್ಟಿದ್ದರೆ ಹೂವು ಇನ್ನಷ್ಟು ತೂಗುತ್ತಿತ್ತು, ಆದರೆ ಅಷ್ಟರಲ್ಲಿ ಎಲೆ ಪೂರ್ತಿ ಉದುರುತ್ತಿತ್ತು.

ಕುಯ್ಲಿನ ದಿನ ನಾರ್ಮಂಡ್‌ನ ಗಾಡಿ ಬಂತು. ಅವನು ಇಳಿದು ಗೇಟಿನ ಆಚೆಯೇ ನಿಂತ.

"ಬಟ್ಟೆ ಬದಲಾಯಿಸ್ಕೊಂಡು ಬಂದ್ಯಾ?" ಕೇಳಿದಳು ಲೊರೇನ್, ಕತ್ತರಿಯಿಂದ ಕಣ್ಣೆತ್ತದೆ.

"ಸ್ನಾನಾನೂ ಮಾಡ್ದೆ. ಬೂಟ್ಸೂ ಬೇರೆ."

"ಕೈಗವಸು ಬಾಗಿಲ ಹಿಂದೆ ಇದೆ."

ಅವನು ದಿನವಿಡೀ ಕೊಂಬೆ ಹೊತ್ತು ಖಾಲಿ ಕೊಟ್ಟಿಗೆಯ ತೊಲೆಗಳಿಗೆ ತಲೆಕೆಳಗಾಗಿ ನೇತುಹಾಕಿದ. ಇಬ್ಬರೂ ಔಷಧಿ ಹೊಡೆದ ಆ ದಿನದ ವಿಷಯ ಎತ್ತಲಿಲ್ಲ. ಸಂಜೆ ಕಾಫಿ ಕುಡಿಯುವಾಗ ಒಮ್ಮೆ ಮಾತ್ರ ನಾರ್ಮಂಡ್, "ಆರ್ಡಿತ್‌ಗೆ ಹೇಳ್ದೆ. ಮೊನ್ನೆ ಹೋಗಿ ಎಲ್ಲಾ ಹೇಳ್ದೆ," ಅಂದ.

"ಏನಂದ್ಲು?"

"ಶಾಲೆಯಲ್ಲಿದ್ದಾಗ್ಲೂ ನೀನು ಮಾತು ಕೇಳ್ತಿರ್ಲಿಲ್ಲ ಅಂದ್ಲು. ಆಮೇಲೆ ಕೂರಿಸಿ ಪೈ ತಿನ್ನಿಸಿದ್ಲು. ತಾನು ಒಂದು ಚೂರೂ ಮುಟ್ಟಲಿಲ್ಲ."

ಆ ವರ್ಷ ಹೂವು ಬಂದದ್ದು ಎಂದಿನ ಅರ್ಧಕ್ಕಿಂತ ಕಡಿಮೆ. ಲೊರೇನ್ ಚಳಿಗಾಲದಲ್ಲಿ ಶಾಲಾ ಬಸ್ ಓಡಿಸಲು ಒಪ್ಪಿಕೊಂಡಳು. ಹಿಮದ ರಸ್ತೆಯಲ್ಲಿ ಹೆದರಿಕೆಯಾಗುತ್ತದೆ ಎಂದು ನನಗೊಬ್ಬಳಿಗೇ ಹೇಳಿದ್ದಳು, ಆದರೆ ಒಂದು ದಿನವೂ ರಜೆ ಹಾಕಲಿಲ್ಲ. ಆರ್ಡಿತ್ ಕ್ರಿಸ್ಮಸ್‌ಗೆ ನಮ್ಮೊಂದಿಗೆ ಊಟಕ್ಕೆ ಕೂತಳು. ಮಾರ್ಚಿನಲ್ಲಿ, ಮೇಪಲ್ ರಸ ಇಳಿಯಲು ಶುರುವಾದ ವಾರ, ತನ್ನ ಮನೆಯಲ್ಲೇ ತೀರಿಕೊಂಡಳು. ಕೊನೆಯವರೆಗೂ ಅವಳಿಗೆ ಒಂದಿಷ್ಟು ಗಂಜಿ ಒಳಗೆ ಹೋಗುತ್ತಿತ್ತು.

ಹೊಳೆಯ ಪಕ್ಕದ ಹೊಲದಲ್ಲಿ ಲೊರೇನ್ ಆ ವಸಂತದಲ್ಲಿ ಗಾಂಜಾ ಹಾಕಲಿಲ್ಲ. ಅಲ್ಲಿ ಓಟ್ಸ್ ಬಿತ್ತಿ, ಮಣ್ಣಿನಲ್ಲಿ ಉಳಿದ ರೋಗ ಸಾಯುವವರೆಗೆ ಕೆಲವು ವರ್ಷ ಹಾಗೇ ಬಿಡುವುದೆಂದು ತೀರ್ಮಾನಿಸಿದಳು. ಹೊಸ ಗಿಡಕ್ಕೆ, ಗಾಳಿಗೆ ಎಲೆ ಬೇಗ ಒಣಗುತ್ತದೆಂದು, ಮನೆಯ ಹಿಂದಿನ ಗುಡ್ಡದ ಮೇಲಿನ ಹುಲ್ಲುಗಾವಲನ್ನು ಆರಿಸಿದಳು. ನೀರನ್ನು ಹಳೆಯ ಹಾಲಿನ ಟ್ಯಾಂಕಿನಲ್ಲಿ ತುಂಬಿ ಎಳೆದು ತರಬೇಕು, ನೆಲದಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಮೇ ತಿಂಗಳ ಒಂದು ಶನಿವಾರ ಅಕ್ಕ ತಮ್ಮ ಇಬ್ಬರೂ ಅಲ್ಲಿ ಕಲ್ಲು ಆರಿಸುತ್ತಿದ್ದರು. ನಾನು ಬುಟ್ಟಿಯಲ್ಲಿ ಊಟ ತೆಗೆದುಕೊಂಡು ಹತ್ತಿ ಹೋದೆ.

"ಇವಳಿಗೆ ಸ್ವಲ್ಪ ಬುದ್ಧಿ ಹೇಳು," ಅಂದ ನಾರ್ಮಂಡ್ ನನಗೆ, ಸೊಂಟ ಹಿಡಿದುಕೊಂಡು. "ನಮ್ಮಜ್ಜನೇ ಈ ಗುಡ್ಡ ಉಳೋಕೆ ಹೋಗ್ಲಿಲ್ಲ. ಇಲ್ಲಿ ಆಡು ಮೇಯಿಸಬಹುದು ಅಷ್ಟೇ."

"ಮಾತು ಕಡಿಮೆ ಮಾಡಿ ಆ ಕಡೆಯಿಂದ ಹಿಡಿ," ಅಂದಳು ಲೊರೇನ್.

ಇಬ್ಬರೂ ಬಗ್ಗಿ ಒಂದು ದೊಡ್ಡ ಕಲ್ಲನ್ನು ಉರುಳಿಸಿಕೊಂಡು ಹೊಲದ ಅಂಚಿಗೆ ತಂದರು. ಅಲ್ಲಿ ಗಾಳಿ ಜೋರಾಗಿತ್ತು. ಲೊರೇನ್ ಹಾರುತ್ತಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿ, ಊಟದ ಬುಟ್ಟಿಯ ಮುಚ್ಚಳ ತೆಗೆದಳು.